ಯಾವ ಫಕೀರಪ್ಪ

ಬೆಟಗೇರಿ ಬಜಾರದಾಗ ನಿಂತು
ಒಮ್ಮೆ 'ಫಕೀರಪ್ಪಾ' ಅಂತ ಕೂಗಿ ನೋಡ್ರಿ.
ಮೂರು ಸೈಕಲ್ಲು, ಒಂದು ಟಂಟಂ ಗಕ್ಕನ ನಿಲ್ಲತಾವು.
ಶಿರಹಟ್ಟಿ ಅಜ್ಜಗ ಸಕ್ಕರಿ ಓದಸ್ತೀನಂತ
ಹರಕಿ ಹೊತ್ತು ಹಡೆದವರು ನಮ್ಮವ್ವಂದಿರು.
ಹೆಸರು ಒಂದ. ಹೊಟ್ಟಿ ಬ್ಯಾರೆ ಬ್ಯಾರೆ.

ನನ್ನ ಫೋನಿನ್ಯಾಗ ನಾಕು ಮಂದಿ.
ಫಕೀರಪ್ಪ ನಳ. ಫಕೀರಪ್ಪ ಬ್ಯಾಂಡ್.
ಫಕೀರಪ್ಪ ಬಡಿಗೇರ, ಅಡ್ಡಹೆಸರಿಗಷ್ಟ ಬಡಿಗೇರ,
ಮುಳಗುಂದ ನಾಕಾದಾಗ ಹಲ್ಲಿನ ಡಾಕ್ಟರ.
'ಓದಿದರೇನಾತು, ಮೊಳಿ ಕೀಳೋದು ಬಿಟ್ಟಿಲ್ಲ ನನ್ನ ಮಗ'
ಅಂತಾನ ಅವರಪ್ಪ, ಕಟ್ಟಿ ಮ್ಯಾಲ ಕುಂತು.
ನಾಕನೇದಾಂವ ಫಕೀರಪ್ಪ ಗುರುವಾರ.
ಯಾಕ ಹಂಗ ಬರಕೊಂಡೆ, ಯಾರಂವ,
ಖರೇವಂದ್ರೂ ನೆನಪಿಲ್ಲ.
ಅಳಿಸಲಿಕ್ಕ ಮನಸ್ಸು ಬರವಲ್ದು.

ಒಂದಿನ ನಡುರಾತ್ರಿ ನಳ ಒಡೆದು
ಅಡಗಿಮನಿ ಕೆರಿ ಆಗಿತ್ತು.
ಹಸಿ ಬೆರಳು ಜಾರಿ ಫೋನು ಬ್ಯಾಂಡಿಗೆ ಹತ್ತಿತು.
ಬಂದ ಪುಣ್ಯಾತ್ಮ, ಲುಂಗಿ ಮ್ಯಾಲ.
ಕ್ಲಾರಿನೆಟ್ಟಿನ ಕೀಲಿಗೆ ಸುತ್ತೋ ಮೇಣದ ದಾರ ತಂದು
ಪೈಪಿಗೆ ಸುತ್ತಿದ. ಊದಿ ನೋಡಿದ ಬ್ಯಾರೆ!
ಇವತ್ತಿಗೂ ಒಂದು ಹನಿ ಸೋರಿಲ್ಲ.

ಮೊನ್ನೆ ಚಾದಂಗಡಿಯಾಗ ಯಾರೋ ಅಂದರು:
ಫಕೀರಪ್ಪ ಹೋದನಂತಪಾ.
ಯಾವ ಫಕೀರಪ್ಪ?
ಗೊತ್ತಿಲ್ಲ, ನಮ್ಮ ಬೆಟಗೇರ್‍ಯಾಂವನ ಅಂತ.

ಬಸಿಯಾಗಿನ ಚಾ ಅಲ್ಲೇ ಆರಿತು.
ನಳಕ್ಕ ಹಚ್ಚಿದೆ: 'ಏನ್ರೀ, ಮತ್ತ ಸೋರಾಕತ್ತೈತೇನು?'
ಬ್ಯಾಂಡಿಗೆ ಹಚ್ಚಿದೆ: 'ಯಾರ ಲಗ್ನರೀ ಸಾಹುಕಾರ್ರ?'
ದವಾಖಾನಿ ಹುಡುಗಿ ಅಂದಳು:
'ಡಾಕ್ಟರ ಕೈ ಒಬ್ಬರ ಬಾಯಾಗ ಐತಿ, ಆಮ್ಯಾಲ ಮಾಡ್ರಿ.'
ಸಾಯದ ಇದ್ದದ್ದಕ್ಕ ಅಭಿನಂದನೆ ಹೆಂಗ ಹೇಳೂದು?
'ಏನಿಲ್ಲ, ಹಿಂಗ ಸುಮ್ನ' ಅಂತ ಇಟ್ಟೆ.
ಗುರುವಾರ ಮಾತ್ರ ವ್ಯಾಪ್ತಿ ಪ್ರದೇಶದ ಹೊರಗ ಇದ್ದ.

ಅಷ್ಟರಾಗ ನನ್ನ ಫೋನೂ ಹೊಡಕೊಳ್ಳಾಕ ಹತ್ತಿತು.
'ಹಲೋ, ಫಕೀರಪ್ಪನ?'
'ಹೌದ್ರಿ.'
'ಹಾಂ. ಏನಿಲ್ಲ, ಇಡ್ರಿ.'
ವರ್ಷಾನುಗಟ್ಟಲೆ ಮಾತಾಡದವರು, ಒಬ್ಬರಾದ ಮ್ಯಾಲ ಒಬ್ಬರು
ನನ್ನ 'ಹೌದ್ರಿ' ಕೇಳಿ ಉಸರು ಬಿಟ್ಟರು.
ಒಬ್ಬಾಂವ ಜರಾ ನಿರಾಸೆ ಆದಂಗ ಕಾಣಿಸಿತು,
ಇರಲಿ.

ಹೂವಿನ ಮಾಬೂಬಿ ಫೋನು ಮಾಡಲಿಲ್ಲ.
ಬುಟ್ಟಿ ಮೊಮ್ಮಗನ ಕೈಯಾಗ ಕೊಟ್ಟು ಓಡಿ ಬಂದಳು,
ಕಣ್ಣಲೇ ಮುಟ್ಟಿ ನೋಡಿದಳು ನನ್ನ.
ಆಕಿ ಫೋನಿನ್ಯಾಗ ನಾನು 'ಫಕೀರಪ್ಪ ದಿನಾ ಇಪ್ಪತ್ತು.'
ಇಪ್ಪತ್ತೆರಡು ವರ್ಷ ಪಿಗ್ಮಿ ಚೀಲ ಹೊತ್ತು
ಅಂಗಡಿ ಅಂಗಡಿ ತಿರುಗಿದ ಕಾಲು ಇವು.
ಸೊಸೈಟಿಗೆ ಕೀಲಿ ಬಿದ್ದು ಆರು ವರ್ಷ ಆತು,
ಅಲ್ಲಿ ಮಾತ್ರ ನಾನು ಇನ್ನೂ ಜಮಾ ಆಗಾಕತ್ತೇನಿ.

ಸಂಜಿಗೆ ಬನ್ನಿಗಿಡದ ಕೂಟಿನ್ಯಾಗ
ಲೈಟಿನ ಕಂಬಕ್ಕ ಒಂದು ಬ್ಯಾನರು:
ಭಾವಪೂರ್ಣ ಶ್ರದ್ಧಾಂಜಲಿ, ಫಕೀರಪ್ಪ.
ಗುರ್ತಿಲ್ಲದ ಮುಖ.
ಸ್ಟುಡಿಯೋದವರು ತೊಡಿಸಿದ ಕೋಟು, ಭುಜಕ್ಕ ದೊಡ್ಡದು.
ಹುಟ್ಟಿದ್ದು ಇತ್ತು, ಸತ್ತದ್ದು ಇತ್ತು,
ನಡುವ ಸಣ್ಣ ಗೆರಿ.

ಕಟ್ಟಾಕ ಹತ್ತಿದ ಹುಡುಗನ್ನ ಕೇಳಿದೆ,
'ಏನು ಮಾಡತಿದ್ದ?'
ಹಲ್ಲಿನ್ಯಾಗ ಸುತಳಿ ಕಚ್ಚಿಕೊಂಡ ಅಂದ:
'ಏನ್ ಸಿಕ್ಕರ ಅದರೀ.
ನೀವು ಯಾರು?'

ಹೆಸರು ಹೇಳಬೇಕಾಗಿತ್ತು.
ಸುತಳಿಯ ಇನ್ನೊಂದು ತುದಿ ಹಿಡಕೊಂಡು ನಿಂತೆ.