ಅಳತಿ ಪುಸ್ತಕ

ರವಿವಾರ ಹತ್ತಕ್ಕ ನಮ್ಮ ಕೂಟ.
ನವನಗರದಾಗ, ಝೆರಾಕ್ಸ್ ಅಂಗಡಿ ಮ್ಯಾಲಿನ ಖೋಲಿ.
ಆರು ಕುರ್ಚಿ, ಒಂದು ಟ್ರಂಕು,
ಟ್ರಂಕಿನ್ಯಾಗ ಮುಳುಗಿದ ಬಾಗಲಕೋಟಿ:
ಮದವಿ ಕಾರ್ಡು, ಕರೆಂಟ್ ಬಿಲ್ಲು, ಕಿತ್ತಿಟ್ಟ ಚಿಲಕ.

ಶಂಕ್ರೆವ್ವ ಸೂಲಗಿತ್ತಿ. ಮನಿ ನಂಬರು ಆಕಿಗೆ ಬರೂದಿಲ್ಲ.
ಯಾವ ಮನ್ಯಾಗ ಯಾವ ಕೂಸು ಕಾಲು ಮುಂದ ಮಾಡಿ ಬಂತು,
ಅದರ ಮ್ಯಾಲ ಓಣಿ ಗುರುತು ಹೇಳ್ತಾಳ.
ದಾವಲಸಾಬ ಪಿಂಜಾರ ಗಾದಿ ತುಂಬಿದ ಮನಿ ಎಣಿಸ್ತಾನ.
ನಾನು ಸರ್ವೇದಾಂವ.
ಟೇಪು ಹಿಡದು ಗ್ವಾಡಿ ಗ್ವಾಡಿ ಅಳದಾಂವ,
ಬಾಗಲ ಮ್ಯಾಲ ಕೆಂಪು ಬಣ್ಣದ್ಲೆ ನಂಬರ ಬರದಾಂವ.
ನನ್ನ ಸೇರಿಸ್ಕೊಳ್ಳಾಕ ಅವರು ಎರಡು ವರ್ಷ ತಗೊಂಡ್ರು.

ಹೋದ ಶ್ರಾವಣದಾಗ ಆಸ್ಟ್ರೇಲಿಯಾದಿಂದ ಒಂದು ಲಕೋಟಿ.
ಅಲ್ಲೂ ಇಂಥಾದ್ದೊಂದು ಕೂಟ ಐತಂತ,
ರೈಲು ನಿಲ್ಲದ ಸ್ಟೇಶನ್ನಿನ ಗೋದಾಮಿನ್ಯಾಗ ಸೇರ್ತಾರಂತ,
ಗೋರಿಕಲ್ಲು ತಿಕ್ಕಿ ತೊಳದು ಹೆಸರು ಬರಕೋತಾರಂತ.
ಬರದಾಕಿ ಡೊರೀನ್. ಆಕಿ ಮುತ್ತಜ್ಜನ ಕಲ್ಲಿನ ಮ್ಯಾಲ
ಕೆತ್ತಿದ್ದು ಇಷ್ಟ: ಹಚ್ ಬಾಗಲ್ ಕೋಟ್.
ಕುದುರಿ ಬಂಡಿ ಮ್ಯಾಲ ಅರಿವಿ ಮಾರ್ತಿದ್ದನಂತ.
ಕೋಟು ಮಾರಿದ್ದಕ್ಕ ಕೋಟ್ ಅಂತ ಹೆಸರು ಬಂತು ಅಂತ
ನಲವತ್ತು ವರ್ಷ ಅವರ ಪುಸ್ತಕದಾಗ ಅಚ್ಚಾಗಿ ಕುಂತಿತ್ತು.

ನಾವು ನಕ್ಕಿವಿ. ಶಂಕ್ರೆವ್ವ ನಗಲಿಲ್ಲ.
'ಊರನ್ನ ಅಡ್ಡಹೆಸರು ಮಾಡ್ಕೊಂಡಾನ,
ಅಪ್ಪನ ಹೆಸರು ಹೇಳಾಕ ಬಾಯಿ ಬಂದಿಲ್ಲ.'

ಜೋಡಿ ಒಂದು ಫೋಟೋ:
ಬಿಸ್ಕೀಟಿನ ಡಬ್ಬಿಯೊಳಗ ಗುಳೇದಗುಡ್ಡದ ಖಣ.
ಹೊಲಿದದ್ದಲ್ಲ. ಮಡಿಕಿ ಬಿಚ್ಚಿದ್ದಲ್ಲ.
ದಾವಲಸಾಬ ಕನ್ನಡಕ ಏರಿಸಿ ನೋಡೇ ನೋಡಿದ.
'ಯಾರಿಗೋ ಕೊಡಾಕ ತಗೊಂಡದ್ದು,' ಅಂದ, 'ಕೊಡದ ಹೋದದ್ದು.'

ಸುಗ್ಗಿ ಮುಗದ ಮ್ಯಾಲ ಹೆಳವರ ಈರಪ್ಪ ಬಂದ.
ಎತ್ತು ಮಾರ್ಯಾನ. ಟಿವಿಎಸ್ ಗಾಡಿಗೆ ಎತ್ತಿನ ಗಂಟಿ ಕಟ್ಯಾನ.
ಕಣ್ಣು ಮುಚ್ಚಿ, ಏಳು ತಲಿ ಹಿಂದಕ್ಕ ಹೋಗಿ,
ಒಂದೊಂದ ತಲಿ ಇಳಕೋತ ಬಂದ:
ಕಿಲ್ಲಾದ ಓಣಿ, ಸಂಗಪ್ಪಗ ಮೂವರು ಮಕ್ಕಳು,
ಹಿರ್ಯಾನ ವಂಶ ಹಿಂಗ, ನಡುವಿನವನದು ಹಂಗ,
ಸಣ್ಣಾಂವ ಹುಚ್ಚಪ್ಪ...
ಅಲ್ಲಿಗೆ ನಿಂತ. ನೀರು ಕೇಳಿದ.
'ನಮ್ಮಜ್ಜನೂ ಇಲ್ಲೇ ನಿಂದರತಿದ್ದ,' ಅಂದ.

ಮನಿಗೆ ಬಂದು ಹಳೇ ಅಳತಿ ಪುಸ್ತಕ ತಗದೆ.
ಸಾವಿರದ ನೂರಾ ನಲವತ್ತಮೂರು.
ಮಣ್ಣಿನ ಮಾಳಿಗಿ, ಹನ್ನೆರಡು ಅಂಕಣ,
ಹಗೇವು ಒಂದು, ಬೇವಿನ ಗಿಡ ಒಂದು. ನನ್ನ ಸಹಿ.
ಆ ದಿನ ಬಾಳವ್ವ ಅನ್ನಾಕಿ ಪಡಸಾಲಿ ಗ್ವಾಡಿ ತೋರಿಸಿದ್ದಳು,
ಎದಿಮಟ್ಟ ಒಂದು ಗೂಡು, ಒಳಗ ದೀಪದ ಮಸಿ.
'ಇದನ್ನೂ ಬರಕೋರಿ. ನಮ್ಮತ್ತಿ, ಆಕಿ ಅತ್ತಿ
ದಿನಾ ಸಂಜಿಕ ಹಚ್ಚಕೋತ ಬಂದಾರ.
ಯಾರ ಸಲುವಾಗಿ ಅಂತ ನನಗೂ ಹೇಳಿಲ್ಲ.'
ಗೂಡಿಗೆ ರೇಟಿಲ್ಲಬೇ, ಅಂದಿದ್ದೆ.
ಟೇಪು ಸುತ್ತಿ ಮುಂದಿನ ಮನಿಗೆ ನಡದಿದ್ದೆ.

ರೇಟಿಲ್ಲ ಅಂದದ್ದು ಖರೆ. ಅಳದೂ ಇದ್ದೆ, ಚಟ.
ಒಂಬತ್ತು ಇಂಚು ಅಗಲ, ಹನ್ನೊಂದು ಎತ್ತರ.
ಆ ಲೆಕ್ಕ ತಲಿಯೊಳಗ ಉಳದೈತಿ, ಇಪ್ಪತ್ತೈದು ವರ್ಷ,
ಮಗಳ ಹುಟ್ಟಿದ ತಾರೀಖು ಮರತೇನಿ, ಇದು ಹೋಗಿಲ್ಲ.

ಅಷ್ಟನ್ನ ಡೊರೀನ್‌ಗ ಬರದು ಕಳಿಸಿದಿವಿ.
ಹುಚ್ಚಪ್ಪನ ಸಲುವಾಗೇ ದೀಪ ಅಂತ ಬರೀಲಿಲ್ಲ.
ಅಲ್ಲ ಅಂತಾನೂ ಬರೀಲಿಲ್ಲ.
ಪುಸ್ತಕದಾಗ ತಿದ್ದುಪಡಿ ಚೀಟಿ ಅಂಟಿಸ್ಯಾರಂತ:
ಕೋಟು ಅಲ್ಲ, ಊರು.
ಗೂಡಿನ ಅಳತಿಯ ರಟ್ಟು ಕತ್ತರಿಸಿ
ತನ್ನ ಅಡಗಿಮನಿ ಗ್ವಾಡಿಗೆ ಹಿಡದು ನೋಡಿದಳಂತ.
ಕಡಿಗೆ ಕೇಳ್ಯಾಳ: ಆ ಖಣ ನಿಮ್ಮ ಊರಿಂದು,
ನಿಮ್ಮ ಟ್ರಂಕಿಗೇ ಕಳಿಸಲೇನು?

ದಾವಲಸಾಬ ಹೂಂ ಅಂದ. ನಾನೂ ಹೂಂ ಅಂದೆ.
ರಸೀದಿ ಪುಸ್ತಕ ತಗದಿದ್ದೆ.
ಶಂಕ್ರೆವ್ವ ನನ್ನ ಕೈಯಾನ ಪೆನ್ನು ಹಿಡದಳು.
'ಬ್ಯಾಡಂತ ಬರಿ.
ಹೊಲಿಸ್ಕೊಂಡು ತೊಡು ಅಂತ ಬರಿ.'