ತಾರೀಖು

ಶ್ರಾವಣ ಇನ್ನೂ ಅರ್ಧ ಮುಗಿದಿಲ್ಲ,
ನಾನಾಗಲೇ ಬರುವ ಮಾರ್ಚಿನಲ್ಲಿದ್ದೇನೆ.
ಗದಗಿನ ಸ್ಟೇಶನ್ ರೋಡಿನ ಪ್ರೆಸ್ಸು,
ಕ್ಯಾಲೆಂಡರಿನ ಪ್ರೂಫು, ಕೆಂಪು ಪೆನ್ನು,
ಒಂದೇ ವಾರಕ್ಕೆ ಎರಡು ಏಕಾದಶಿ,
ಎಲ್ಲೋ ಜಾರಿಹೋದ ಒಂದು ಗುರುವಾರ.

ಬೆನ್ನ ಹಿಂದೆ ಹಳೆಯ ವರ್ಷಗಳ ರದ್ದಿ:
ಯಾರ ಗೋಡೆಯನ್ನೂ ಕಾಣದ,
ಹಾಲಿನ ಲೆಕ್ಕ ಬರೆಸಿಕೊಳ್ಳದ ದಿನಗಳು.
ಒಮ್ಮೊಮ್ಮೆ ಅಲ್ಲಿಗೂ ಕೈಹಾಕುತ್ತೇನೆ.
ಮಾತು ಮುರಿದ ಆ ಮೇ ತಿಂಗಳು,
ಹದಿನಾಲ್ಕರ ಚೌಕ.
ಬೆರಳಿಟ್ಟರೆ ಬರೀ ಕಾಗದ.

"ಅಕ್ಕಾರ, ಇವತ್ತ ತಾರೀಖ ಎಷ್ಟ್ರಿ?"
ಬಿಲ್ಲು ಹಿಡಿದು ದಾವಲಸಾಬ ಕೇಳಿದ.
ಬಾಯಿ ತೆರೆದೆ.
ಬರಲಿರುವ ಹಬ್ಬವೆಲ್ಲ ನಾಲಿಗೆಯ ಮೇಲಿದ್ದವು,
ಇದೊಂದು ಹೊಳೆಯಲಿಲ್ಲ.

ಅಷ್ಟರಲ್ಲಿ ಹಳೆಯ ಕ್ಯಾಲೆಂಡರಿನ ತಗಡುಪಟ್ಟಿ
ಹೆಬ್ಬೆರಳು ಗೀರಿತು.
ಒಂದು ಹನಿ ಹೋಗಿ
ಬರುವ ಯುಗಾದಿಯ ಮೇಲೆ ಬಿತ್ತು.

"ಥೋ, ಹೊಸಾ ವರ್ಷ ಕೆಡ್ತಲ್ರೀ!"
ಓಡಿಹೋಗಿ ಮಶೀನು ಬಂದ್ ಮಾಡಿದ.

ಆಗ ಕೇಳಿಸಿತು
ಎದುರಿನ ಬಾಣಲೆಗೆ ಮಿರ್ಚಿ ಬೀಳುವ ಸದ್ದು,
ತಗಡಿನ ಮೇಲೆ ನಾಲ್ಕೇ ಹನಿ ಮಳೆ,
ಬೆರಳ ತುದಿಯಲ್ಲಿ ನನ್ನದೇ ನಾಡಿ
ಚುಳ್, ಚುಳ್.

"ಬಿಲ್ಲು ಆಮ್ಯಾಲ ಬರಿಯಪಾ," ಅಂದೆ,
"ಎರಡು ಪ್ಲೇಟ ಹೇಳು. ಆರಿದ್ದು ಬ್ಯಾಡ."