ಕಾಲ್ಬೆರಳಿನ ಚೀಟಿ

ಶಹಾಬಾದಿ ಫರ್ಶಿಯ ಮೇಲೆ ಮಲಗಿದ್ದವನ
ಕೊರಳೆಲುಬಿನ ಎಕ್ಸ್‌ರೇ ತೆಗೆದವಳು ನಾನೇ.
ಎದೆಯ ಕಡೆಯ ತುದಿಯಲ್ಲೊಂದು ಗೆರೆ, ಕೂದಲೆಳೆಯಷ್ಟು,
ಇನ್ನೂ ಬೆಸೆದಿರಲಿಲ್ಲ.
ಇಪ್ಪತ್ತೆರಡು, ಭಾಳಂದ್ರ ಇಪ್ಪತ್ತೈದು
ಎಂದು ಬರೆದುಕೊಟ್ಟೆ.

ವಾಡಿ ಜಂಕ್ಷನ್ನಿನ ಆಚೆ, ಹಳಿಯ ಬದಿಯ ಜಾಲಿಯಲ್ಲಿ ಸಿಕ್ಕವನು.
ಮುಖವೆಂಬುದು ಉಳಿದಿರಲಿಲ್ಲ.
ಅಂಗಿಯ ಕಾಲರಿನಿಂದ ದರ್ಜಿಯ ಹೆಸರಿನ ಪಟ್ಟಿಯನ್ನು
ಯಾರೋ ಬ್ಲೇಡಿನಲ್ಲಿ ಬಿಡಿಸಿದ್ದರು.
ಹೊಲಿಗೆಯ ತೂತು ಮಾತ್ರ, ನಾಲ್ಕು ಮೂಲೆಗೆ.

ನಮಗೆ ಎಲುಬಿನ ಪಾಠ ಹೇಳಿದ ವೆಂಕೋಬರಾಯರು
ಪ್ರತಿ ವರ್ಷ ಅದೇ ಸ್ಲೈಡು ಹಾಕುತ್ತಿದ್ದರು.
ಈಜಿಪ್ತಿನ ಅರಸರ ಕಣಿವೆ, ಐವತ್ತೈದನೇ ನಂಬರಿನ ಗೋರಿ.
ಚಿನ್ನದ ತಗಡಿನಿಂದ ಹೆಸರಷ್ಟೇ ಕತ್ತರಿಸಿ ತೆಗೆದ ಪೆಟ್ಟಿಗೆ,
ಕಿತ್ತ ಮುಖವಾಡ, ಸೋರಿದ ನೀರಲ್ಲಿ ನೆನೆದ ಎಲುಬು.
ಮೊದಲು ಸೊಂಟ ನೋಡಿದವರು ರಾಣಿ ಅಂದರು.
ಮತ್ತೆ ಅಳೆದವರು, ಛೇ, ಗಂಡಸು ಅಂದರು.
ಸೂರ್ಯನೊಬ್ಬನೇ ದೇವರೆಂದ ಅಖೆನಾತೆನ್ ಇವನೇ
ಎಂದು ಒಂದು ಪಂಗಡ.
ಹದಿನೇಳು ವರ್ಷ ಆಳಿದವಗ ಇಷ್ಟು ಎಳೇ ಎಲುಬು ಹ್ಯಾಂಗ,
ಇಂವ ಸ್ಮೆಂಖ್ಕರೆ, ಹಿಂದಿಂದ ಬಂದ ಹುಡುಗ
ಎಂದು ಮತ್ತೊಂದು.
ಹಲ್ಲಿನ ಲೆಕ್ಕ ಒಂದು, ಬೆನ್ನೆಲುಬಿನದು ಇನ್ನೊಂದು,
ರಕ್ತದ್ದು ಎರಡೂ ಅಲ್ಲ.
‘ನೂರು ವರ್ಷದಿಂದ ಜಗಳ ನಡದದ ನೋಡವ್ವಾ,
ಅಂವ ಒಬ್ಬಾಂವ ಬಾಯಿ ಬಿಟ್ಟಿಲ್ಲ’
ಎಂದು ರಾಯರು ಎಲಿ ಉಗಿಯಲು ಕಿಟಕಿಗೆ ಹೋಗುತ್ತಿದ್ದರು.

ಮೂರನೇ ದಿನ ಇಬ್ಬರು ಹೆಣ್ಣುಮಕ್ಕಳು ಬಂದರು.
ಚಿತ್ತಾಪುರದ ಈರಮ್ಮ: ಖಣಿಗೆ ಹೋದ ತಮ್ಮ, ಇಪ್ಪತ್ಮೂರು.
ಆಳಂದದ ಕಾಶೀಬಾಯಿ: ಗಂಡ, ಮೂವತ್ತಾರು.
ಎಲ್ಲ ಹೊಂದುತ್ತಿದ್ದದ್ದು ತಮ್ಮನಿಗೆ:
ಎತ್ತರ, ಮುರಿದು ಕೂಡಿದ ಮೊಣಕೈ, ನನ್ನ ಗೆರೆ.
ಈರಮ್ಮ ಬಟ್ಟೆ ಸರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.
‘ನಮ್ಮಾಂವ ಅಲ್ಲರಿ’ ಅಂದಳು,
ಬಸ್ಸಿನ ಹೊತ್ತು ಕೇಳಿದಳು.

ಕಾಶೀಬಾಯಿ ಮಾತ್ರ ಪಾದ ಹಿಡಿದು ಕೂತಿದ್ದಳು.
‘ಹದಿನಾಲ್ಕು ವರ್ಷ ಇದರ ಮುಳ್ಳು ತಗದೀನಿ,
ನಿಮ್ಮ ಫೋಟೋಕ್ಕ ಏನು ಗೊತ್ತು?’
ಮೂವತ್ತಾರು ಅಂತ ಹೇಳಿದವರ್ಯಾರು ಎಂದೆ.
ರೇಷನ್ ಕಾರ್ಡು ತೆಗೆದಳು.
ನನಗೆ ನಗು ಬಂತು, ತಡೆದುಕೊಂಡೆ.
ನಾನೂ ಹುಟ್ಟಿದ್ದು ಜೂನ್ ಒಂದಕ್ಕೆ,
ನಮ್ಮ ಸಾಲಿಯ ಮಾಸ್ತರರ ಪೆನ್ನಿನಿಂದ.

ಒಬ್ಬಳಿಗೆ ಹೆಣ ಬೇಕು, ಕಾಯುವುದು ಮುಗಿಯಲಿಕ್ಕೆ.
ಒಬ್ಬಳಿಗೆ ಬ್ಯಾಡ, ಮುಗಿಯದಿರಲಿಕ್ಕೆ.
ಆ ಪಂಡಿತರು ಪಟ್ಟಿ ಹಿಡಿದು ಬಗ್ಗಿದಾಗಲೂ
ಇಂಥದ್ದೇನಾದರೂ ಇತ್ತೋ ಏನೋ.

ರಕ್ತದ ಉತ್ತರ ಬೆಂಗಳೂರಿನಿಂದ ಇನ್ನೂ ಬಂದಿಲ್ಲ.
ಮಧ್ಯೆ ಮೇ ತಿಂಗಳು. ಮೂರು ದಿನ ಕರೆಂಟಿಲ್ಲ,
ಫ್ರೀಜರು ಕೆಟ್ಟಿತು.
ಮೌಲಾಸಾಬ ಒಬ್ಬನೇ, ಮೊಬೈಲು ಬಾಯಲ್ಲಿ ಕಚ್ಚಿ ಬೆಳಕು ಹಿಡಿದು,
ಏಳು ಜನರನ್ನು ಹಳೇ ಕಟ್ಟಡಕ್ಕೆ ಸಾಗಿಸಿದ.
ಬೆವರಿಗೆ ಕಳಚಿದ ಚೀಟಿಗಳನ್ನು ಮತ್ತೆ ಬರೆದು ಕಟ್ಟಿದ.
ಕಳ್ಳರಿಗೆ ಹೆದರಿದ ಆ ಪೂಜಾರಿಗಳೂ ಹೀಗೇ ಅಂತೆ,
ಅರಸರನ್ನು ಕತ್ತಲಲ್ಲಿ ಹೊತ್ತು,
ಹೊಸ ನಾರುಬಟ್ಟೆ ಸುತ್ತಿ, ಎದೆಯ ಮೇಲೆ ಮಸಿಯಲ್ಲಿ ಹೆಸರು.
ಅವರ ದೀಪವೂ ಸಣ್ಣದೇ ಇದ್ದೀತು.
‘ಏನೂ ಅದಲು ಬದಲು ಆಗಿಲ್ಲ ಮೇಡಂ’ ಅಂದ ಮೌಲಾಸಾಬ.
ಬಾಗಿಲ ತನಕ ಹೋಗಿ ತಿರುಗಿದ.
‘ಆಗಿದ್ರ ಒಂದೋ ಎರಡೋ.’

ಇವತ್ತು ವರದಿ ತರಿಸಿಕೊಂಡು
ಇಪ್ಪತ್ತೆರಡರ ಮುಂದೆ ‘ಸುಮಾರು’ ಸೇರಿಸಿದೆ.
ಸಹಿಯ ಕೆಳಗೆ ತಾರೀಖು ಹಾಕುವಾಗ
ಹೊರಗೆ ಪೇಢೆ ಹಂಚುತ್ತಿದ್ದರು:
ಜೂನ್ ಒಂದು. ನಮ್ಮ ಆಫೀಸಿನಲ್ಲೇ
ಹದಿಮೂರು ಮಂದಿಯ ಹುಟ್ಟಿದ ದಿನ.